ವಾಯಿದೆಗೊಂದು ಸಾವು

ಆ ಮಂಗಳವಾರ ವಕೀಲ ಹರಿಹರನ್ ಅವರಿಗೆ ಎರಡು ಕೋರ್ಟುಗಳಿದ್ದವು. ಹರಿಹರನ್ ಮಾತ್ರ ಒಬ್ಬರೇ ಇದ್ದರು. ಊಟಿಯಲ್ಲಿ ಇತ್ತಲಾರಿನ ಪಾಪಾತಿಯ ದಾರಿ ಕೇಸು, ಗೂಡಲೂರಿನಲ್ಲಿ ಎಸ್ಟೇಟ್ ಮಾಲೀಕನೊಬ್ಬನ ಕೇಸು. ನಡುವೆ ಐವತ್ತು ಕಿಲೋಮೀಟರ್ ಘಾಟಿ. ಯಾವುದಕ್ಕೆ ಹೋಗಬೇಕೆಂದು ಅವರು ಬಹಳ ಯೋಚಿಸಲಿಲ್ಲ. ಎಸ್ಟೇಟಿನವರು ಕಾರು ಕಳಿಸಿದ್ದರು.

“ಹಾಲಾ, ಊಟಿಯಲ್ಲಿ ವಾಯಿದೆ ತಗೋ. ಆ ಕೇಸು ವಜಾ ಆಯ್ತೋ, ನೀನೂ ವಜಾ,” ಎಂದು ಗುಮಾಸ್ತ ಹಾಲನಿಗೆ ಹೇಳಿ ಹೊರಟರು.

ಪಾಪಾತಿಯ ಚಹಾ ತೋಟದ ದಾರಿಗೆ ಪಕ್ಕದ ಮಹಾಲಿಂಗಂ ಬೇಲಿ ಹಾಕಿ ಒಂಬತ್ತು ವರ್ಷ. ಅಂದಿನಿಂದ ಎಪ್ಪತ್ತರ ಮುದುಕಿ ಎಲೆ ಮೂಟೆ ಹೊತ್ತು ಗುಡ್ಡ ಸುತ್ತಿ ಬರುತ್ತಾಳೆ. ಕೇಸು ವಾಯಿದೆಯಿಂದ ವಾಯಿದೆಗೆ ಸುತ್ತುತ್ತದೆ. ಈ ಕೇಸಿನ ವಾಯಿದೆಗಾಗಿ ಹಾಲನ್ ಅರ್ಜಿಯಲ್ಲಿ ತನ್ನ ವಕೀಲರಿಗೆ ಮೂರು ಸಲ ಜ್ವರ ಬರಿಸಿದ್ದ, ಘಾಟಿಯಲ್ಲಿ ಎರಡು ಸಲ ಮರ ಬೀಳಿಸಿದ್ದ. ಹೊಸದೇನೂ ಉಳಿದಿರಲಿಲ್ಲ. “ಕಕ್ಷಿದಾರರ ಮನೆಯಲ್ಲಿ ಸಾವು” ಎಂದು ಅರ್ಜಿ ಬರೆದು ಜೂನಿಯರ್ ಜೀವಿತಾಳ ಕೈಗಿತ್ತ. ವಾಯಿದೆ ಸಿಕ್ಕಿತು.

ಆ ಮನೆಯಲ್ಲಿರುವುದು ಪಾಪಾತಿ ಒಬ್ಬಳೇ ಎಂಬುದು ಹಾಲನಿಗೆ ಹೊಳೆದಿರಲಿಲ್ಲ. ಕೋರ್ಟಿನ ಗುಮಾಸ್ತ ದೇವನಿಗೆ ಹೊಳೆಯಿತು. ಇವನಂತೆ ಅವನೂ ಅಜ್ಜಿಯನ್ನು ‘ಹೆತ್ತೆ’ ಎನ್ನುವ ನೀಲಗಿರಿಯ ಬಡಗನೇ.

“ಅಯ್ಯೋ, ಪಾಪಾತಿ ಹೆತ್ತೆ ಹೋದಳಾ ಹಾಲಣ್ಣ?”

ಅರ್ಜಿ ಸುಳ್ಳೆಂದರೆ ಕೆಲಸ ಹೋಗುತ್ತದೆ. ನಿಜವೆಂದರೆ ಮುದುಕಿ ಹೋಗುತ್ತಾಳೆ. ಹಾಲನ್ ಕೆಲಸ ಉಳಿಸಿಕೊಂಡ.

“ಹೌದು ದೇವಾ. ಬೆಳಗ್ಗೆ.”

ಬಡಗರಲ್ಲಿ ಮದುವೆಗೆ ಹೋಗದವನಿಗೆ ಕ್ಷಮೆಯುಂಟು, ಸಾವಿಗೆ ಹೋಗದವನಿಗಿಲ್ಲ. ವಾಟ್ಸಪ್ಪು ಹಟ್ಟಿಯಿಂದ ಹಟ್ಟಿಗೆ ಹಾರಿತು. ಹಾಲನ್ ಗಾಬರಿಯಿಂದ ಬಸ್ಸು ಹಿಡಿದು ಇತ್ತಲಾರಿನಲ್ಲಿ ಇಳಿದಾಗ, ಬಿಳಿ ಮುಂಡಾಸುಗಳು ಹೂಕೋಸಿನ ಹೊಲದಂತೆ ತುಂಬಿದ್ದವು. ಸಾವಿಗೆ ಬಾರಿಸುವ ಬ್ಯಾಂಡಿನವರೂ ಬಂದಿದ್ದರು. ಕೋರ್ಟಿನಿಂದ ಟ್ಯಾಕ್ಸಿಯಲ್ಲಿ ಎಲ್ಲರಿಗಿಂತ ಮೊದಲು ಬಂದಿದ್ದ ಮಹಾಲಿಂಗಂ ಕಣ್ಣೊರೆಸಿಕೊಳ್ಳುತ್ತಿದ್ದ.

ಎಲೆ ಮೂಟೆ ಹೊತ್ತು ಗುಡ್ಡ ಸುತ್ತಿ ಬಂದ ಪಾಪಾತಿ ತನ್ನಂಗಳದ ಜನ ನೋಡಿ, “ಯಾರು ಸತ್ತದ್ದು?” ಎಂದಳು.

ಜನ ಹಾಲನನ್ನು ನೋಡಿದರು.

“ನೀನೇ, ಹೆತ್ತೆ. ವಾಯಿದೆಗೆ ಬೇರೆ ಕಾರಣ ಸಿಗಲಿಲ್ಲ.”

ಮುದುಕಿ ಮೂಟೆ ಇಳಿಸಿ ಅದರ ಮೇಲೇ ಕೂತಳು. “ಒಂಬತ್ತು ವರ್ಷ ಕೋರ್ಟಲ್ಲಿ ಜೀವಂತ ನಿಂತೆ, ಒಬ್ಬನೂ ತಿರುಗಿ ನೋಡಲಿಲ್ಲ. ಸತ್ತ ಕೂಡಲೇ ಇಷ್ಟು ಜನವಾ? ಬಂದದ್ದು ಬಂದಿರಿ. ಪಾಪ ಹೇಳದೆ ಸಾವು ಮುಗಿಯುತ್ತಾ? ನಾನೇ ಹೇಳ್ತೀನಿ.”

ಸಾವಿನ ಮನೆಯಲ್ಲಿ ಹಿರಿಯನೊಬ್ಬ ಪಾಪಗಳನ್ನು ಒಂದೊಂದಾಗಿ ಹೇಳುವುದು, ನೆರೆದವರು “ಅದು ಪಾಪ” ಎನ್ನುವುದು ಅಲ್ಲಿಯ ಪದ್ಧತಿ.

“ಹಲ್ಲಿ ಕೊಂದದ್ದು.”

“ಅದು ಪಾಪ,” ಎಂದರು ಜನ, ಬಾಯಿಗೆ ರೂಢಿಯಾಗಿತ್ತು.

“ನೆರೆಯವಳ ದಾರಿಗೆ ಬೇಲಿ ಹಾಕಿದ್ದು.”

“ಅದು ಪಾಪ!”

ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಮಹಾಲಿಂಗಂ. ಬೇಲಿ ಯಾರದೆಂದು ಆಮೇಲೆ ನೆನಪಾಯಿತು. ಊರೆಲ್ಲ ಅವನನ್ನೇ ನೋಡುತ್ತಿತ್ತು. ಹೋಗಿ ಬೇಲಿಯ ತಂತಿ ಬಿಚ್ಚತೊಡಗಿದ.

ಹಾಲನ ಫೋನು ಬಡಿದುಕೊಂಡಿತು.

“ಗೂಡಲೂರು ಕೇಸಿಗೂ ವಾಯಿದೆ ಬಿತ್ತು ಕಣೋ,” ಎಂದರು ಹರಿಹರನ್. “ಎದುರು ವಕೀಲ ಸಂತೋಷ್‌ಕುಮಾರ್, ಅವನೂ ಬಡಗನೇ, ಘಾಟಿಯ ಅರ್ಧದಲ್ಲೇ ವಾಪಸು ಹೋದನಂತೆ. ಇತ್ತಲಾರಲ್ಲಿ ಯಾರದೋ ಸಾವಂತೆ. ಹೋಗಲಿ, ನಮ್ಮ ಪಾಪಾತಿ ಕೇಸು ಉಳೀತಲ್ಲ. ಮುಂದಿನ ವಾಯಿದೆ ಯಾವಾಗ?”

ಬೇಲಿ ಬಿಚ್ಚಿದ ದಾರಿಯಲ್ಲಿ ಪಾಪಾತಿ ಖಾಲಿ ಚೀಲ ಹಿಡಿದು ತೋಟಕ್ಕೆ ಹೊರಟಿದ್ದಳು. ಬಂದದ್ದಕ್ಕೆ ಸುಮ್ಮನೆ ಹೋಗುವುದೇಕೆಂದು ಬ್ಯಾಂಡಿನವರು ಬಾರಿಸತೊಡಗಿದರು.

“ಏನೋ ಅದು ಸದ್ದು, ಹಾಲಾ?”

“ಸಾವು ಸಾರ್,” ಎಂದ ಹಾಲನ್. “ನಮ್ಮ ಕೇಸಿಂದು.”