ಮುಂದೆ ಓಡುವವರು ಬೇಕಾಗಿದ್ದಾರೆ

ನನ್ನ ಭಾವ ತಮಗಿಂತ ನಿಧಾನವಾಗಿ ಓಡುವವರ ಜೊತೆ ಒಂದು ಹೆಜ್ಜೆಯೂ ಓಡಿದವರಲ್ಲ. ಹಾಗಾಗಿ ಮುಂಬಯಿ ಹತ್ತಿರದ ಡೊಂಬಿವಲಿಯ ಅರ್ಧ ಜನರನ್ನು ಅವರು ಮುಖ ನೋಡಿ ಗುರುತಿಸುತ್ತಿದ್ದರು, ಉಳಿದ ಅರ್ಧ ಜನರನ್ನು ಬೆನ್ನು ನೋಡಿ!

ಭಾವ ಎಂದರೆ ನನ್ನ ಅಕ್ಕನ ಗಂಡ. ಬಣ್ಣದ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಸಣ್ಣ ಆಳು, ತೆಳ್ಳಗಿನ ಕಾಲು, ಮೊಣಕಾಲು ಮುಚ್ಚುವ ಖಾಕಿ ಚಡ್ಡಿ. ನೋಡಿದವರು ಇವರು ಬಸ್ಸು ತಪ್ಪಿತೆಂದು ಓಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರೇ ಹೊರತು ಓಟಗಾರರೆಂದು ಯಾರೂ ನಂಬುತ್ತಿರಲಿಲ್ಲ. ಆದರೆ ಅವರಿಗೆ ಒಂದು ಆಸೆ ಇತ್ತು. ಅಲ್ಲಿನ ಕಾರ್ಖಾನೆಗಳವರು ಸೇರಿ ವರ್ಷಕ್ಕೊಮ್ಮೆ ಒಂದು ಓಟ ಇಡುತ್ತಿದ್ದರು. ಕಲ್ಯಾಣದ ಪತ್ರಿಪೂಲ್ ಸೇತುವೆಯ ತನಕ ಹೋಗಿ ವಾಪಸ್ಸು ಮೈದಾನಕ್ಕೆ ಬರಬೇಕು. ಭಾವ ಪ್ರತಿವರ್ಷ ಓಡಿದರು, ಪ್ರತಿವರ್ಷ ಕೊನೆಯವರಾಗಿ ಬಂದರು. ಬರುವಷ್ಟರಲ್ಲಿ ಬಹುಮಾನ ಹಂಚಿ, ಭಾಷಣ ಮುಗಿದು, ಪೆಂಡಾಲು ಬಿಚ್ಚಿ ಟೆಂಪೋಗೆ ಹೇರಿ ಆಗಿರುತ್ತಿತ್ತು. ಬರಿ ಮೈದಾನದಲ್ಲಿ ಅಕ್ಕ ಒಬ್ಬಳೇ ಟವೆಲು ಹಿಡಿದು ನಿಂತಿರುತ್ತಿದ್ದಳು. ಭಾವನಿಗೆ ಬಹುಮಾನ ಬೇಕಿರಲಿಲ್ಲ. ಪೆಂಡಾಲು ಇರುವಾಗ ಒಳಗೆ ಬರಬೇಕು, ನಾಲ್ಕು ಜನ ಚಪ್ಪಾಳೆ ತಟ್ಟುವುದನ್ನು ಅಕ್ಕ ನೋಡಬೇಕು. ಅಷ್ಟೇ!

ಅದಕ್ಕೆ ಅವರು ಕಂಡುಕೊಂಡ ಉಪಾಯವೇ ಈ ಬೆನ್ನಿನ ಸಿದ್ಧಾಂತ. "ನಿನಗಿಂತ ಜೋರು ಓಡುವವನ ಹಿಂದೆ ಓಡಬೇಕು ಮಾರಾಯಾ. ಅವ ಎಳೀತಾನೆ, ನಾವು ಹೋಗುದು. ಟ್ರೇನಿನ ಡಬ್ಬಿ ತಾನಾಗಿ ಓಡ್ತದಾ?"

ಮೊದಲ ಇಂಜಿನ್ನು ಅವರ ಚಾಳಿಗೆ ಹಾಲು ಹಾಕುತ್ತಿದ್ದ ಭಯ್ಯಾ. ಬೆಳಿಗ್ಗೆ ಅವನು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೊರಟರೆ ಭಾವ ಒಂದು ಮಾತೂ ಆಡದೆ ಹಿಂದೆ ಓಡುತ್ತಿದ್ದರು. ಭಯ್ಯಾ ತಿರುಗಿ ನೋಡಿದ, ಜೋರಾಗಿ ತುಳಿದ. ಇವರೂ ಜೋರಾಗಿ ಓಡಿದರು. ಮೂರನೆಯ ದಿನ ಪಾಪ, ಸೈಕಲ್ಲು ನಿಲ್ಲಿಸಿ ಕೈಮುಗಿದುಬಿಟ್ಟ. "ಸಾಬ್, ಕಲ್ ಸೇ ಪಾನೀ ನಹೀ ಮಿಲಾವೂಂಗಾ!" ಅಂದಿನಿಂದ ಚಾಳಿನಲ್ಲಿ ಎಲ್ಲರಿಗೂ ನೀರು ಬೆರೆಸದ ಗಟ್ಟಿ ಹಾಲು. ಕ್ರೀಡೆಯಿಂದ ಸಮಾಜಕ್ಕೆ ಏನು ಉಪಯೋಗ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ?

ಕೆಲವು ತಿಂಗಳ ಮೇಲೆ ಒಂದು ಏರಿನಲ್ಲಿ ಭಾವ ಭಯ್ಯಾನನ್ನು ಹಿಂದೆ ಹಾಕಿದರು. ಆವತ್ತೇ ಅವನನ್ನು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿ, ಕೈ ಕುಲುಕಿ, "ಇನ್ನು ನೀವು ಬೇಡ" ಎಂದು ಬೀಳ್ಕೊಟ್ಟರು. ಇದು ಅವರ ಪದ್ಧತಿ. ಹಿಂದೆ ಬಿದ್ದವನಿಗೆ ಒಂದು ದೋಸೆ, ಸೇವೆಯಿಂದ ನಿವೃತ್ತಿ. ಅವರ ಓಣಿಯಲ್ಲಿ ಭಾವ ಯಾರಿಗಾದರೂ ದೋಸೆ ಕೊಡಿಸಿದರೆಂದರೆ ಜನ ಅವನನ್ನು "ಏನಪ್ಪಾ, ವಯಸ್ಸಾಯ್ತಾ?" ಎಂದು ಕೇಳುತ್ತಿದ್ದರು!

ಆಮೇಲೆ ಸಿಕ್ಕಿದವನು ವಿಜಾಪುರದ ಕಡೆಯ ಒಬ್ಬ ಹುಡುಗ. ಪೊಲೀಸ್ ಭರ್ತಿಗೆಂದು ದಿನಾ ಓಡುತ್ತಿದ್ದ. ಒಂದು ದಿನ ಅವನಿಗೆ ತಡೆಯಲಾಗಲಿಲ್ಲ.

"ಏನ್ರೀ ಯಜಮಾನ್ರ, ನನ್ನ ಬೆನ್ನಾಗ ಏನ ಐತ್ರಿ? ದಿನಾ ಅದನ್ನ ನೋಡಕೋತ ಬರ್ತೀರಲ್ಲ!"

"ನಿಮ್ಮ ಬೆನ್ನಲ್ಲಿ ನನ್ನ ಪೆಂಡಾಲು ಉಂಟು" ಎಂದರು ಭಾವ, ಏದುಸಿರು ಬಿಡುತ್ತಾ.

ಹುಡುಗ ಆ ದಿನ ಇನ್ನೂ ಜೋರಾಗಿ ಓಡಿದನಂತೆ. ಹೆದರಿಕೆಗೆ! ಅವನಿಗೆ ಪೊಲೀಸಿನಲ್ಲಿ ಕೆಲಸವೂ ಸಿಕ್ಕಿತು, ದೋಸೆ ತಿನ್ನದೆಯೇ ಹೋದ. ಓಟಕ್ಕೆ ಇನ್ನು ಎರಡು ತಿಂಗಳು. ಭಾವನ ಮುಂದೆ ರಸ್ತೆ ಖಾಲಿ.

ಅದೇ ಸಮಯಕ್ಕೆ ನಾನು ಬಂದೆ. ಎಸ್ಸೆಸ್ಸೆಲ್ಸಿ ಮುಗಿಸಿ, ಠಾಣೆ ಪಟ್ಟಣದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕಲಿಯಲು ಊರಿನಿಂದ ಬಂದು ಅಕ್ಕನ ಖೋಲಿಯಲ್ಲಿ ಇಳಿದಿದ್ದೆ. ಟ್ರಂಕು ಕೆಳಗಿಡುವ ಮೊದಲೇ ಅಕ್ಕ, "ಇವ ಶಾಲೆಯಲ್ಲಿ ಓಟಕ್ಕೆ ಫಸ್ಟು" ಎಂದುಬಿಟ್ಟಳು. ಭಾವ ನನ್ನನ್ನು ನಿಲ್ಲಿಸಿ, ತಿರುಗಿಸಿ, ಬೆನ್ನು ನೋಡಿದರು. ಹುಡುಗಿ ನೋಡಲು ಬಂದವರೂ ಅಷ್ಟು ಗಮನವಿಟ್ಟು ನೋಡುವುದಿಲ್ಲ!

ಮರುದಿನದಿಂದ ಐದು ಗಂಟೆಗೆ ನನ್ನ ಹೊದಿಕೆ ಎಳೆಯುವುದು ಶುರುವಾಯಿತು. ನಾನು ಮುಂದೆ, ಭಾವ ಹಿಂದೆ. "ಜೋರು ಮಾರಾಯಾ, ನನ್ನನ್ನು ಬಿಟ್ಟುಹೋಗು!" ಬಿಟ್ಟುಹೋದರೆ ಸಂತೋಷಪಡುವ ಮನುಷ್ಯನನ್ನು ನಾನು ಮೊದಲ ಸಲ ನೋಡಿದ್ದು. ದಿನದಿಂದ ದಿನಕ್ಕೆ ಅವರ ಚಪ್ಪಟೆ ಪಾದದ ಪಟಪಟ ಸದ್ದು ನನಗೆ ಹತ್ತಿರವಾಗತೊಡಗಿತು. ನಿಜವಾಗಿಯೂ ಅವರು ಚುರುಕಾಗುತ್ತಿದ್ದರು.

ಆದರೆ ನನಗೆ ನಿದ್ದೆ ಬೇಕಿತ್ತು. ಓಡಿ ಬಂದು, ಲೋಕಲ್ಲಿನಲ್ಲಿ ನೇತಾಡಿ ಠಾಣೆಗೆ ಹೋಗಿ, ಲೇತಿನ ಮುಂದೆ ತೂಕಡಿಸಿ ಮಿಸ್ತ್ರಿಯಿಂದ ಬೈಸಿಕೊಳ್ಳುತ್ತಿದ್ದೆ. ಬಿಡುಗಡೆಗೆ ಒಂದೇ ದಾರಿ ಕಂಡಿತು: ದೋಸೆ! ಓಟಕ್ಕೆ ಇನ್ನು ಮೂರು ವಾರ ಇರುವಾಗ ಒಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡೆ, ಕಾಲೆಳೆದೆ, ಅವರು ಮುಂದೆ ಹೋಗುವಂತೆ ಮಾಡಿದೆ. ಭಾವ ಸ್ವಲ್ಪ ದೂರ ಹೋಗಿ ನಿಂತರು. ತಿರುಗಿ ನೋಡಿದರು. ಸೀದಾ ಹೋಟೆಲಿಗೆ ಕರೆದುಕೊಂಡು ಹೋದರು. ಆ ದೋಸೆಯನ್ನು ನಾನು ಎಷ್ಟು ಬೇಗ ತಿಂದೆನೆಂದರೆ, ಅಷ್ಟು ಬೇಗ ಓಡಿದ್ದರೆ ಪತ್ರಿಪೂಲ್ ದಾಟುತ್ತಿದ್ದೆ.

ಆಮೇಲೆ ಅವರು ಒಬ್ಬರೇ ಓಡಿದರು. ನಾನು ಹೊದಿಕೆಯೊಳಗೆ ಆ ಪಟಪಟ ಸದ್ದು ಓಣಿ ದಾಟುವುದನ್ನು ಕೇಳಿಸಿಕೊಂಡು ಮಗ್ಗುಲು ಬದಲಿಸುತ್ತಿದ್ದೆ.

ಓಟದ ದಿನ ಎಲ್ಲರೂ ಬಂದರು, ಭಾವ ಬರಲಿಲ್ಲ. ಕೆಲಸದವರು ಪೆಂಡಾಲು ಬಿಚ್ಚಲು ಶುರುಮಾಡಿದರು. ಬಟ್ಟೆ ಇಳಿಯಿತು, ಕಂಬಗಳು ಒಂದೊಂದಾಗಿ ಕಿತ್ತುಬಂದವು. ಕೊನೆಯ ಕಂಬಕ್ಕೆ ಕೈ ಹಾಕುವಾಗ ನಮ್ಮ ಅಕ್ಕ, ಪರಗಂಡಸರ ಎದುರು ದನಿ ಎತ್ತಿ ಮಾತಾಡದವಳು, ಹೋಗಿ ಅದನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದುಕೊಂಡಳು. "ಥಾಂಬಾ! ಆಮಚೇ ಮಿಸ್ಟರ್ ಯೇತಾತ್!" ನಿಲ್ಲಿಸಿ, ನಮ್ಮ ಯಜಮಾನರು ಬರುತ್ತಿದ್ದಾರೆ ಎಂದು! ಅವಳಿಗೆ ಬರುತ್ತಿದ್ದ ಮರಾಠಿ ಅಷ್ಟೇ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ದೂರದಲ್ಲಿ ಖಾಕಿ ಚಡ್ಡಿ ಕಂಡಿತು. ಭಾವ ಕುಂಟುತ್ತಾ ಬಂದು, ಬಟ್ಟೆಯಿಲ್ಲದ ಆ ಒಂಟಿ ಕಂಬವನ್ನು ಮುಟ್ಟಿ, "ಪೆಂಡಾಲು ಇನ್ನೂ ಉಂಟಲ್ಲ!" ಎಂದರು. ನನ್ನ ನಗು ಅಲ್ಲಿಗೇ ನಿಂತಿತು.

ಭಾವ ಮತ್ತೆ ಆ ಓಟಕ್ಕೆ ಹೋಗಲಿಲ್ಲ. ಕಾರಣ ಕೇಳುವ ಧೈರ್ಯ ನನಗಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಅವರು ವಾಶಿಗೆ ಮನೆ ಬದಲಾಯಿಸಿದ ಹೊಸತರಲ್ಲಿ ಎದೆನೋವು ಬಂತು. ಡಾಕ್ಟರು ದಿನಾ ನಡೆಯಬೇಕೆಂದರು. ಭಾವ ಕುರ್ಚಿ ಬಿಟ್ಟು ಏಳಲಿಲ್ಲ. ಅಕ್ಕ ನನ್ನನ್ನು ಕರೆದು, "ಅವರ ಮುಂದೆ ಯಾರಾದರೂ ಬೇಕು ಮಾರಾಯಾ, ಇಲ್ಲದಿದ್ದರೆ ಅವರು ಏಳುದಿಲ್ಲ" ಎಂದಳು. ಅಂದಿನಿಂದ ಸಂಜೆ ಕೆಲಸ ಬಿಟ್ಟು ಠಾಣೆಯಿಂದ ಬಸ್ಸು ಹತ್ತಿ ಹೋಗತೊಡಗಿದೆ. ನನಗೂ ಹೊಟ್ಟೆ ಬಂದಿತ್ತು. ಆದರೂ ಅವರಿಗಿಂತ ಅರ್ಧ ಹೆಜ್ಜೆ ಮುಂದೆ ನಡೆಯುತ್ತಿದ್ದೆ. ಮೊದಲು ಬಿಲ್ಡಿಂಗಿನ ಗೇಟಿನ ತನಕ, ಆಮೇಲೆ ಮೂಲೆಯ ಅಂಗಡಿಯ ತನಕ, ಆಮೇಲೆ ಸಮುದ್ರದ ಖಾಡಿ ಕಾಣುವ ತನಕ. ಹಿಂದೆ ಪಟಪಟ ಸದ್ದು ದಿನದಿಂದ ದಿನಕ್ಕೆ ಗಟ್ಟಿಯಾಯಿತು.

ಒಂದು ಸಂಜೆ ಆ ಸದ್ದು ನನ್ನ ಪಕ್ಕಕ್ಕೆ ಬಂತು, ಮುಂದೆ ಹೋಯಿತು. ನಾನು ಸೇರುವಷ್ಟರಲ್ಲಿ ಅವರು ಗೇಟಿನ ಕಂಬ ಹಿಡಿದು ನಗುತ್ತಿದ್ದರು.

"ನಾಳೆ ದೋಸೆಗೆ ಹೋಗುವ."

"ನನಗೆ ದೋಸೆ ಬೇಡ ಭಾವ."

"ಹೆದರಬೇಡ. ಈ ಸಲ ನೀನು ನಿಜವಾಗಿ ಸೋತದ್ದು."

"ಆವತ್ತೇ ಗೊತ್ತಿತ್ತಾ?"

"ನಿನ್ನ ಕಣ್ಣು ಕೆಂಪಾಗಿರ್ತಿತ್ತು ಮಾರಾಯಾ. ಮಗು ನೀನು. ನಿದ್ದೆ ಮಾಡು ಅಂತ ಬಾಯಿಬಿಟ್ಟು ಹೇಳಿದ್ರೆ ನಾಚಿಕೊಳ್ತಿದ್ದಿ. ದೋಸೆ ಕೊಡಿಸಿದೆ."

ಮರುದಿನ ಹೋಟೆಲಿಗೆ ಹೋದೆವು. ನಾನು ಅರ್ಧ ದೋಸೆ ತಿಂದು ತಟ್ಟೆ ಸರಿಸಿದೆ.

"ಎಂತ, ಸೇರಲಿಲ್ಲವಾ?"

"ಪೂರ್ತಿ ತಿಂದರೆ ನಾಳೆ ನಿಮ್ಮ ಜೊತೆ ಬರಲಿಕ್ಕಿಲ್ಲವಲ್ಲ ಭಾವ."