ಬಿಸಿ ಕಾಫಿಯ ಮಂಗಳವಾರ

ಮಗಳು ಹುಟ್ಟಿದ ಮೇಲೆ ಸರಸ ಬಿಸಿ ಕಾಫಿ ಕುಡಿದದ್ದೇ ಇಲ್ಲ. ಅವಳು ಲೋಟ ಕೈಗೆತ್ತಿಕೊಂಡಳೆಂದರೆ ಸಾಕು, ಕುಸುಮಳಿಗೆ ಒಂದು ಪ್ರಶ್ನೆ ಹುಟ್ಟುತ್ತಿತ್ತು.

“ಅಮ್ಮಾ, ಕಾಗೆಗೆ ಅಜ್ಜಿ ಉಂಟಾ?” ಎಂದು ತುಳುವಿನಲ್ಲಿ ಕೇಳುತ್ತಿದ್ದಳು. ಉಂಟು ಎಂದರೆ, “ಯಾವ ಊರಿನಲ್ಲಿ?” ಊರು ಹೇಳಿದರೆ, “ಬಸ್ಸಿನಲ್ಲಿ ಹೋಗ್ಲಿಕ್ಕೆ ಆಗ್ತದಾ?” ಕಾಗೆಯ ಅಜ್ಜಿಯನ್ನು ಪುತ್ತಿಗೆಯಲ್ಲಿ ಒಂದು ಮನೆ ಮಾಡಿ ಕೂರಿಸುವಷ್ಟರಲ್ಲಿ ಕಾಫಿಯ ಮೇಲೆ ಕೆರೆಯ ಪಾಚಿಯಂಥ ಕೆನೆ ಕಟ್ಟಿರುತ್ತಿತ್ತು.

ಇದಕ್ಕೆ ಸರಸ ಒಂದು ಉಪಾಯ ಕಂಡುಕೊಂಡಿದ್ದಳು. ದೇಹವನ್ನು ಅಲ್ಲೇ ಕೂರಿಸಿ ಮನಸ್ಸನ್ನು ಎಲ್ಲಿಗಾದರೂ ಕಳಿಸಿಬಿಡುವುದು. ಬಾಯಿಂದ ಮಾತ್ರ ನಡುನಡುವೆ ‘ಹೂಂ’ ಎನ್ನುತ್ತಿರುವುದು. ಈ ‘ಹೂಂ’ನ ಆಸರೆಯಲ್ಲಿ ಅವಳು ಎಷ್ಟೋ ಊರು ಸುತ್ತಿ ಬಂದಿದ್ದಳು. ಆದರೆ ಗಂಡ ವೆಂಕಟೇಶ್ವರ ಅದೇ ‘ಹೂಂ’ ಹಿಡಿದುಕೊಂಡು ತನ್ನ ಸೋದರತ್ತೆಯನ್ನು ಒಂದು ಇಡೀ ಮಳೆಗಾಲ ಮನೆಯಲ್ಲಿ ಇರಿಸಿಕೊಂಡಿದ್ದ. ಪಾತ್ರೆಯವನೊಬ್ಬ ಅವಳ ಎರಡು ಒಳ್ಳೆಯ ಸೀರೆಗಳನ್ನು ಒಯ್ದು, ಬದಲಿಗೆ ಮುಚ್ಚಳವೇ ಇಲ್ಲದ ಡಬ್ಬಿಯೊಂದನ್ನು ಕೊಟ್ಟುಹೋಗಿದ್ದ. ಕೇಳಿದರೆ, “ನೀವೇ ಹೂಂ ಅಂದ್ರಲ್ಲ ಅಕ್ಕಾ!”

ಕುಸುಮಳನ್ನು ಶಾಲೆಗೆ ಹಾಕುವ ಪ್ರಯತ್ನವೂ ಆಗಿತ್ತು. ಕಳೆದ ಜೂನಿನಲ್ಲಿ ಹೆಡ್‌ಮಾಸ್ಟರು, “ಬಲಗೈಯನ್ನು ತಲೆಯ ಮೇಲಿಂದ ತಂದು ಎಡ ಕಿವಿ ಮುಟ್ಟು ನೋಡುವ” ಎಂದಿದ್ದರು. ಕಿವಿಗೆ ಕೈ ಎಟುಕಿದರೆ ವಯಸ್ಸು ಆಯಿತೆಂದು ಲೆಕ್ಕ. ಕುಸುಮಳ ಬೆರಳು, ಸ್ಟಾಪಿಗಿಂತ ಹಿಂದೆಯೇ ನಿಂತುಬಿಟ್ಟ ಬಸ್ಸಿನ ಹಾಗೆ, ಕಿವಿಯ ಮೇಲಿನ ಕೂದಲಲ್ಲೇ ನಿಂತಿತು. “ಮುಂದಿನ ವರ್ಷ ಬನ್ನಿ” ಎಂದರು ಮಾಸ್ಟರು. ಅಂದಿನಿಂದ ಸರಸಳ ಅಡುಗೆಮನೆಯೇ ಶಾಲೆ. ತಟ್ಟೆಯಲ್ಲಿ ಅಕ್ಕಿ ಹರಡಿ ಅಕ್ಷರ, ಕೊಯ್ದ ಬೆಂಡೆಕಾಯಿಯಲ್ಲಿ ಲೆಕ್ಕ.

ಬೆಳ್ತಂಗಡಿ ಪೇಟೆಯಲ್ಲಿ ಅನ್ನಪೂರ್ಣೇಶ್ವರಿ ಟೀಚರ್ ಎಂಬವರಿದ್ದರು. ಮಂಗಳೂರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೀಗೆ ಮನೆಯಲ್ಲೇ ಕಲಿಯುವ ಪುಟ್ಟ ಮಕ್ಕಳಿಗಾಗಿ ಮಂಗಳವಾರ ಮತ್ತು ಶುಕ್ರವಾರ, ಬೆಳಗಿನಿಂದ ಮಧ್ಯಾಹ್ನದವರೆಗೆ, ತಮ್ಮ ಜಗಲಿಯಲ್ಲಿ ಶಿಶುವಿಹಾರ ನಡೆಸುತ್ತಿದ್ದರು. “ಅಕ್ಷರ ನೀವು ಮನೆಯಲ್ಲೇ ಕಲಿಸಿ. ಹಾಡು, ಕತೆ, ಮಣ್ಣಿನ ಬೊಂಬೆ ನನಗಿರಲಿ” ಎನ್ನುವುದು ಅವರ ಪದ್ಧತಿ. ಪ್ರತಿ ಮಗುವಿಗೂ ಮನೆಯಿಂದ ತಂದ ಒಂದು ಚಾಪೆ. ಜಗಲಿಯಲ್ಲಿ ಎಷ್ಟು ಚಾಪೆ ಹಿಡಿಯುತ್ತದೋ ಅಷ್ಟೇ ಮಕ್ಕಳು. ಜಗಲಿ ಯಾವತ್ತೂ ತುಂಬಿಯೇ ಇರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ನಫೀಸಮ್ಮ ಬೇಲಿಯ ಮೇಲಿಂದ ತಲೆ ಹಾಕಿದರು.

“ಸರಸಾ, ಗೊತ್ತುಂಟಾ? ಟೀಚರ ಹತ್ತಿರ ಬರುವ ಒಂದು ಮಗುವಿನ ಅಪ್ಪನಿಗೆ ಕನ್ಯಾನಕ್ಕೆ ವರ್ಗ ಆಗಿದೆಯಂತೆ. ಒಂದು ಚಾಪೆಯ ಜಾಗ ಖಾಲಿ! ಇವತ್ತು ನಾಲ್ಕು ಗಂಟೆಗೆ ಮಗುವನ್ನು ಕರ್ಕೊಂಡು ಬರ್ಲಿಕ್ಕೆ ಹೇಳಿದ್ದಾರೆ. ನಾನೇ ಮಾತಾಡಿ ಬಂದದ್ದು.”

ಮಂಗಳವಾರ. ಶುಕ್ರವಾರ. ಸರಸಳ ಕಣ್ಣೆದುರು ಆ ಎರಡು ಬೆಳಗುಗಳು ಬಂದು ನಿಂತವು. ಗಂಡ ಬಂಟ್ವಾಳದ ತಾಲೂಕು ಕಚೇರಿಗೆ ಹೋಗಿಯಾಗಿದೆ. ಮಗಳಿಲ್ಲ. ಮನೆಯೊಳಗೆ ಗಡಿಯಾರದ ಸದ್ದು ಮಾತ್ರ, ಅದೂ ಏನನ್ನೂ ಕೇಳುವುದಿಲ್ಲ. ಹಿತ್ತಿಲಿನ ಮೆಟ್ಟಿಲ ಮೇಲೆ ತಾನು. ಪಾದದ ಮೇಲೆ ಎಳೆ ಬಿಸಿಲು. ಎರಡೂ ಕೈಯ ನಡುವೆ ಹಬೆಯಾಡುವ ಲೋಟ. ಅಲ್ಲಿ ಕೂತು ಏನು ಮಾಡುವುದು? ಏನೂ ಇಲ್ಲ. ಮದುವೆಗೆ ಮುಂಚೆ ತಾನು ಹೀಗೆ ಕೂತಾಗ ಏನನ್ನು ಯೋಚಿಸುತ್ತಿದ್ದೆ ಎಂಬುದನ್ನು ನೆನಪು ಮಾಡಿಕೊಳ್ಳುವುದು. ಅದು ಎಲ್ಲೋ ಕಪಾಟಿನ ಹಿಂದೆ ಬಿದ್ದ ಮಣಿಯಂತೆ ಸಿಗದೆ ಹೋಗಿ ಆರು ವರ್ಷವಾಗಿತ್ತು.

“ಕೇಳಿತಾ ನಾನು ಹೇಳಿದ್ದು?” ಎಂದರು ನಫೀಸಮ್ಮ.

“ಹೂಂ” ಎಂದಳು ಸರಸ.

ಕೇಳಿರಲಿಲ್ಲ. ನಫೀಸಮ್ಮ ಹೇಳಿದ್ದು ಮಗುವಿನ ಕೈಗೆ ಎಣ್ಣೆ ತಿಕ್ಕುವ ವಿಷಯ. ‘ಹೂಂ’ ಸಿಕ್ಕಿದ್ದೇ ತಡ, ಅವರು ತೆಂಗಿನೆಣ್ಣೆಯ ಬಾಟಲಿಯನ್ನೂ, ಗಲ್ಫಿನಲ್ಲಿರುವ ಮಗ ಕಳಿಸಿದ ಚಹಾದ ಫ್ಲಾಸ್ಕನ್ನೂ ಹಿಡಿದು ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತರು. ಕುಸುಮಳ ಬಲಗೈಯನ್ನು ಹಿಡಿದು ಹಗ್ಗ ಹೊಸೆಯುವವರಂತೆ ನೀವತೊಡಗಿದರು.

“ಈ ಸಲ ಕಿವಿ ಮುಟ್ಟದಿದ್ದರೆ ನನ್ನ ಹೆಸರು ನಫೀಸಮ್ಮ ಅಲ್ಲ.”

“ಟೀಚರು ಕಿವಿ ಮುಟ್ಟಿಸುವುದಿಲ್ಲ ನಫೀಸಮ್ಮ. ಅದು ಶಾಲೆಯಲ್ಲಿ.”

“ನಿನಗೆಂಥ ಗೊತ್ತು ಮಾರಾಯ್ತಿ? ಕಲಿಸುವವರು ಅಂದ ಮೇಲೆ ಕಿವಿ ಕೇಳಿಯೇ ಕೇಳ್ತಾರೆ.”

ಈ ಸದ್ದಿಗೆ ಇನ್ನೊಂದು ಬದಿಯ ಬೇಲಿಯಿಂದ ಸುಬ್ಬಯ್ಯ ಬಂದ. ಸೊಸೈಟಿಯಲ್ಲಿ ಗುಮಾಸ್ತ, ಆದರೆ ಅವನ ಜೀವ ಇದ್ದದ್ದು ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪುರಾಣದ ಪಾತ್ರವಾಗಿ ಬರಿಯ ಮಾತಿನಿಂದ ಎದುರಾಳಿಯನ್ನು ಗೆಲ್ಲಬೇಕು. ಸುಬ್ಬಯ್ಯನಿಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದೆಲ್ಲ ದೂತನ ಪಾತ್ರ. ‘ಅಪ್ಪಣೆ ಮಹಾಪ್ರಭು’ ಎಂದರೆ ಅವನ ಕೆಲಸ ಮುಗಿಯಿತು. ಆಡದೆ ಉಳಿದ ಮಾತೆಲ್ಲ ಹೊಟ್ಟೆಯಲ್ಲಿ ಉಕ್ಕುತ್ತಿತ್ತು. ಸಂಜೆ ಬೇಲಿಯ ಬಳಿ ನಿಂತು ಬಾಳೆಗಿಡಗಳಿಗೆ ಹೇಳಿಬಿಡುತ್ತಿದ್ದ.

“ಕಿವಿ ಎಲ್ಲ ಬಿಡಿ” ಎಂದ ಸುಬ್ಬಯ್ಯ. “ಟೀಚರು ಕನ್ನಡದಲ್ಲಿ ಮಾತಾಡಿಸ್ತಾರೆ. ಮಗುವಿಗೆ ಕನ್ನಡ ಬರ್ತದಾ?”

“ಅರ್ಥ ಆಗ್ತದೆ ಸುಬ್ಬಯ್ಯಣ್ಣ. ಮಾತಾಡ್ಲಿಕ್ಕೆ ನಾಚಿಕೆ.”

“ನಾಲ್ಕು ಗಂಟೆಯವರೆಗೆ ನನ್ನ ಕೈಯಲ್ಲಿ ಬಿಡು ತಂಗೀ. ಶುದ್ಧ ಕನ್ನಡ ಕಲಿಸ್ತೇನೆ. ಆಗಬಹುದಾ?”

ಸರಸಳ ಮನಸ್ಸು ಆಗ ಹಿತ್ತಿಲಿನ ಮೆಟ್ಟಿಲ ಮೇಲೆ ಕೂತಾಗಿತ್ತು. ಪಾದಕ್ಕೆ ಬಿಸಿಲು ಹತ್ತುತ್ತಿತ್ತು. “ಹೂಂ” ಎಂದಳು.

ಮೂರೂವರೆಗೆ ತಮ್ಮ ಊರಾದ ಲಾಯಿಲದಿಂದ ಬೆಳ್ತಂಗಡಿ ಪೇಟೆಗೆ ಹೊರಟ ಆ ಮೆರವಣಿಗೆಯನ್ನು ರಸ್ತೆಯವರೆಲ್ಲ ನಿಂತು ನೋಡಿದರು. ಮುಂದೆ ಎಣ್ಣೆಯಿಂದ ಹಿತ್ತಾಳೆ ದೀಪದ ಹಾಗೆ ಮಿರುಗುವ ಕುಸುಮ. ಅವಳ ಕಿವಿಯಲ್ಲಿ ಏನನ್ನೋ ಗುನುಗುತ್ತ ಸುಬ್ಬಯ್ಯ. ಹಿಂದೆ ಎಣ್ಣೆ ಬಾಟಲಿ ಕಂಕುಳಲ್ಲಿಟ್ಟ ನಫೀಸಮ್ಮ. ಎಲ್ಲರಿಗಿಂತ ಹಿಂದೆ, ಹೊಸ ಚಾಪೆಯನ್ನು ಎದೆಗವಚಿಕೊಂಡು ಸರಸ, ಗಾಳಿಯಲ್ಲಿ ತೇಲುವ ಹತ್ತಿಯಂತೆ.

ಟೀಚರ ಜಗಲಿಯಲ್ಲಿ ಮಕ್ಕಳ ಚಾಪೆಗಳನ್ನೆಲ್ಲ ಸುರುಳಿ ಸುತ್ತಿ ಹಗ್ಗದಿಂದ ಬಿಗಿದು ಇಟ್ಟಿದ್ದರು. ಪಕ್ಕದಲ್ಲಿ ಒಂದು ಟ್ರಂಕು. ಎಷ್ಟು ಅಚ್ಚುಕಟ್ಟು ಎಂದುಕೊಂಡಳು ಸರಸ.

ಟೀಚರ್ ತೆಳ್ಳಗಿನ ಬಿಳಿ ಕೂದಲಿನ ಹೆಂಗಸು. ಬಾಗಿ, ನಗುತ್ತ ಕೇಳಿದರು: “ನಿನ್ನ ಹೆಸರೇನು ಮಗೂ?”

ಕುಸುಮ ಒಂದು ಹೆಜ್ಜೆ ಮುಂದೆ ಬಂದು ಸೆಟೆದು ನಿಂತಳು. “ಹೆಸರನ್ನು ಅರುಹುವುದಕ್ಕೆ ಅಡ್ಡಿಯಿಲ್ಲ. ಆದರೆ, ಕೇಳುತ್ತಿರುವ ತಾವು ಯಾರು ಎಂಬುದು ಮೊದಲು ನಮಗೆ ತಿಳಿಯಬೇಕಷ್ಟೆ?”

ಸುಬ್ಬಯ್ಯ ಕಂಬದ ಮರೆಗೆ ಸರಿದ.

“ನಾನಾ? ನಾನು ಟೀಚರು.”

“ಟೀಚರು ಎಂದ ಮಾತ್ರಕ್ಕೆ ಆಯಿತೇ? ಅದಕ್ಕೆ ಸಾಕ್ಷಿ ಎಲ್ಲಿ? ನಿಮ್ಮ ಕೈ ನಿಮ್ಮ ಕಿವಿಗೆ ಎಟುಕುತ್ತದೆಯೋ? ಎಟುಕುವುದೇ ಹೌದಾದರೆ, ತೋರಿಸುವಂಥವರಾಗಿ!”

ಟೀಚರಿಗೆ ನಗು ತಡೆಯಲಿಲ್ಲ. “ನೋಡುವ” ಎಂದು ಬಲಗೈಯನ್ನು ತಲೆಯ ಮೇಲಿಂದ ತಂದರು. ಕೈ ಹೋಯಿತು, ಕಿವಿಯನ್ನೂ ಮುಟ್ಟಿತು, ಹಿಂದೆ ಮಾತ್ರ ಬರಲಿಲ್ಲ. ಭುಜ ಹಿಡಿದುಕೊಂಡಿತ್ತು.

“ಅಯ್ಯೋ!” ಎಂದರು ಟೀಚರ್, ತಲೆಯನ್ನು ತಾವೇ ಅಪ್ಪಿಕೊಂಡ ಭಂಗಿಯಲ್ಲಿ.

“ಅಲುಗಬೇಡಿ!” ನಫೀಸಮ್ಮ ಬಾಟಲಿ ಬಿಚ್ಚಿ ಹಾರಿದರು. ಟೀಚರ ಇಸ್ತ್ರಿ ಮಾಡಿದ ರವಿಕೆಯ ಮೇಲೆ ಎಣ್ಣೆ ಹರಿಯಿತು. ಅತ್ತ ನೀವಿ, ಇತ್ತ ಎಳೆದು, ಕಡೆಗೆ ‘ಲಟಕ್’ ಎಂದಿತು. ಕೈ ಕೆಳಗಿಳಿಯಿತು.

ಮುಗಿಯಿತು, ಎಂದುಕೊಂಡಳು ಸರಸ. ಕೈಯೊಳಗಿನ ಆ ಕನಸಿನ ಲೋಟ ತಣ್ಣಗಾಗುವುದು ಅವಳಿಗೆ ನಿಜವಾಗಿಯೂ ತಿಳಿಯಿತು.

ಟೀಚರ್ ಭುಜ ತಿಕ್ಕಿಕೊಳ್ಳುತ್ತ ಎಲ್ಲರನ್ನೂ ನೋಡಿದರು. “ಈ ಮಗುವಿಗೆ ಹೀಗೆಲ್ಲ ಕಲಿಸಿದವರು ಯಾರು?”

“ತಾಯಿ” ಎಂದ ಸುಬ್ಬಯ್ಯ ಕಂಬದ ಹಿಂದಿನಿಂದ. “ಎಲ್ಲ ತಾಯಿಯದ್ದೇ. ನಾವು ದಾರಿಯಲ್ಲಿ ಸಿಕ್ಕಿದವರು.”

“ಹೌದೌದು” ಎಂದರು ನಫೀಸಮ್ಮ, ಬಾಟಲಿಯನ್ನು ಸೆರಗಿನೊಳಗೆ ಅಡಗಿಸುತ್ತ. “ಮೂರು ಹೊತ್ತೂ ಇವಳೇ ಕಲಿಸುವುದು. ನಾವು ಬೇಡ ಅಂತ ಹೇಳಿದರೂ ಕೇಳುವುದಿಲ್ಲ.”

ಸರಸ ಬಾಯಿ ತೆರೆಯುವ ಮೊದಲೇ ಟೀಚರ್ ಅವಳ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಹೊಳೆಯುತ್ತಿತ್ತು.

“ಇಲ್ಲಿಯ ಮಕ್ಕಳು ಕನ್ನಡ ಅಂದರೆ ನನ್ನ ಸೆರಗಿನೊಳಗೆ ಮುಖ ಮುಚ್ಚಿಕೊಳ್ತಾರಮ್ಮ. ಇವಳು ನೋಡಿ, ನನ್ನನ್ನೇ ಪರೀಕ್ಷೆ ಮಾಡಿದಳು! ಇನ್ನು ಮಾತೇ ಇಲ್ಲ. ನಾಡಿದ್ದು ಮಂಗಳವಾರ, ಆಮೇಲೆ ಶುಕ್ರವಾರ. ಬೆಳಿಗ್ಗೆ ಒಂಬತ್ತರಿಂದ...”

ಮಂಗಳವಾರ! ಸರಸ ಹೊರಟುಬಿಟ್ಟಳು. ಟೀಚರ ತುಟಿ ಅಲುಗುತ್ತಲೇ ಇತ್ತು. ಮೂಡಬಿದ್ರೆ ಎಂಬ ಊರಿನ ಹೆಸರು ದೂರದ ಗಂಟೆಯಂತೆ ಕೇಳಿಸಿತು, ಚಾಪೆ ಎಂದಂತಾಯಿತು. ಆದರೆ ಅವಳು ಹಿತ್ತಿಲಿನ ಮೆಟ್ಟಿಲ ಮೇಲೆ ಕೂತು, ಮೊದಲ ಗುಟುಕು ನಾಲಗೆ ಸುಡುವುದನ್ನು ಕಣ್ಣು ಮುಚ್ಚಿ ಅನುಭವಿಸುತ್ತಿದ್ದಳು. ಕಪಾಟಿನ ಹಿಂದೆ ಬಿದ್ದ ಮಣಿ ಇನ್ನೇನು ಕೈಗೆ ಸಿಗುವುದರಲ್ಲಿತ್ತು.

“ಹೂಂ ಟೀಚರ್” ಎಂದಳು. “ಹೂಂ. ಹೂಂ.”

ಟೀಚರ್ ಅವಳ ತಲೆ ನೇವರಿಸಿದರು.

ಹಿಂದಿರುಗುವಾಗ ಇಬ್ಬರು ನೆರೆಯವರೂ ಏಕೋ ಮೆತ್ತಗಾಗಿದ್ದರು. “ನಿನಗೆ ಧೈರ್ಯ ಉಂಟು ಮಾರಾಯ್ತಿ” ಎಂದರು ನಫೀಸಮ್ಮ.

ಮಗಳನ್ನು ಬಿಟ್ಟಿರುವ ಧೈರ್ಯವೆಂದುಕೊಂಡ ಸರಸ, “ಮಾಡದೆ ಆಗ್ತದಾ ನಫೀಸಮ್ಮ? ಎಷ್ಟು ದಿವಸದ ಆಸೆ!” ಎಂದು ನಕ್ಕಳು. ಸುಬ್ಬಯ್ಯ ಕೈ ಮುಗಿದ.

ಮಂಗಳವಾರ ಬೆಳಿಗ್ಗೆ ಗಂಡ ಬಸ್ಸು ಹತ್ತಿದ ಮೇಲೆ ಸರಸ ಡಿಕಾಕ್ಷನ್ ಇಳಿಸಿಟ್ಟಳು. ಕುಸುಮಳಿಗೆ ಎರಡು ಜಡೆ ಹಾಕಿ ಕೈಗೆ ಚಾಪೆ ಕೊಟ್ಟಳು. ಬಿಟ್ಟು ಬಂದು ಹಾಲು ಕಾಯಿಸುವುದೊಂದೇ ಬಾಕಿ. “ಹೋಗುವ ಮಗಾ” ಎಂದು ಗೇಟು ತೆಗೆದಳು.

ಗೇಟಿನ ಹೊರಗೆ ತಲೆಯ ಮೇಲೆ ಹಗ್ಗ ಬಿಗಿದ ಚಾಪೆಯ ಕಟ್ಟು ಹೊತ್ತ ಆಳೊಬ್ಬ ನಿಂತಿದ್ದ. ಅವನ ಹಿಂದೆ ಹೆಂಗಸರು, ಹೆಂಗಸರ ಸೆರಗು ಹಿಡಿದ ಮಕ್ಕಳು, ಒಂದು ಮಗು ಆಗಲೇ ಅಳುತ್ತ, ಇನ್ನೊಂದು ಅಳಲು ಸಿದ್ಧವಾಗುತ್ತ.

“ಸರಸ ಟೀಚರ ಮನೆ ಇದೇ ಅಲ್ವಾ?” ಎಂದಳು ಮುಂದಿದ್ದವಳು.

ಸರಸ ಬೇಲಿಯ ಕಡೆ ನೋಡಿದಳು. ನಫೀಸಮ್ಮನ ತಲೆ ಅಲ್ಲಿ ಆಗಲೇ ಇತ್ತು.

“ನನ್ನನ್ನೆಂಥ ನೋಡುವುದು? ಟೀಚರ್ ಎಷ್ಟು ಸಲ ಕೇಳಿದರು! ಮೂಡಬಿದ್ರೆಯಲ್ಲಿ ಹೊಸತು ಒಂದು ಶಿಶುವಿಹಾರ ಶುರು ಮಾಡ್ಲಿಕ್ಕುಂಟು, ಇಲ್ಲಿಯದ್ದನ್ನು ನೋಡಿಕೊಳ್ಳುವವರು ಸಿಕ್ಕದೆ ಹೊರಡ್ಲಿಕ್ಕೆ ಆಗಿಲ್ಲ, ನೀವು ನಿಮ್ಮ ಜಗಲಿಯಲ್ಲಿ ನಡೆಸ್ತೀರಾ ಅಂತ. ಕೇಳಿದಾಗೆಲ್ಲ ನೀನು ಹೂಂ ಅಂದೆ. ಎಂಥಾ ಸಂತೋಷದ ಹೂಂ ಅದು! ಟೀಚರಿಗೆ ಕಣ್ಣಲ್ಲಿ ನೀರೇ ಬಂತು.”

ಜಗಲಿಯಲ್ಲಿ ಚಾಪೆಗಳು ಬಿಚ್ಚಿಕೊಂಡವು. ಒಬ್ಬನಿಗೆ ನೀರು ಬೇಕು, ಒಬ್ಬಳಿಗೆ ಅಮ್ಮ ಬೇಕು, ಇನ್ನೊಬ್ಬನಿಗೆ ಗಡಿಯಾರದ ಒಳಗೆ ಯಾರಿದ್ದಾರೆಂದು ತಿಳಿಯಬೇಕು. ಈ ನಡುವೆ ಕುಸುಮ ತನ್ನ ಚಾಪೆಯನ್ನು ಕಂಕುಳಲ್ಲಿಟ್ಟು ಎದ್ದು ನಿಂತಳು.

“ಮಾತೆಯೇ, ಈ ಸಭೆಯಲ್ಲಿ ಗದ್ದಲ ವಿಪರೀತವಾಯಿತು. ನಾನು ನಫೀಸಜ್ಜಿಯ ಮನೆಗೆ ನಿರ್ಗಮಿಸುತ್ತೇನೆ.”

ನಿರ್ಗಮಿಸಿಯೂ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ, ಒಂದು ಮಗುವನ್ನು ಕಂಕುಳಲ್ಲೂ ಇನ್ನೊಂದನ್ನು ಸೆರಗಿನ ತುದಿಯಲ್ಲೂ ಇಟ್ಟುಕೊಂಡು ಸರಸ ಕಿಟಕಿಯಿಂದ ನೋಡಿದಳು. ಬೇಲಿಯಾಚೆ, ನಫೀಸಮ್ಮನ ಹಿತ್ತಿಲಿನ ಮೆಟ್ಟಿಲ ಮೇಲೆ ಕುಸುಮ ಕೂತಿದ್ದಳು. ಪಾದದ ಮೇಲೆ ಎಳೆ ಬಿಸಿಲು. ಎರಡೂ ಕೈಯ ನಡುವೆ ಫ್ಲಾಸ್ಕಿನ ಮುಚ್ಚಳ. ಅದರಿಂದ ಏಳುವ ಹಬೆ. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಅವಳೂ ಯಾರನ್ನೂ ಏನೂ ಕೇಳದೆ, ಬಲು ದೂರದ್ದೇನನ್ನೋ ಯೋಚಿಸುವವಳಂತೆ ಸುಮ್ಮನೆ ಕೂತಿದ್ದಳು. ಸರಸ ನೋಡುತ್ತಲೇ ನಿಂತಳು. ನೋಡುತ್ತ ನೋಡುತ್ತ ಆ ಬಿಸಿಲು ಅವಳ ಪಾದಕ್ಕೂ ಹತ್ತಿತು.

ಯಾರೋ ಸೆರಗು ಜಗ್ಗಿದರು. “ಟೀಚರ್, ನಾವು ನಾಳೆಯೂ ಬರ್ಲಾ? ದಿನಾ ಬರ್ಲಾ?”

“ಹೂಂ” ಎಂದಳು ಸರಸ.