ಸಿಗಡಿಗಳಿಗೆ ಮದುವೆ ಮಾಡಿಸಿದ ಮಾಮಾ

ನಮ್ಮ ಸೋದರಮಾವ ಮಾಡಿಸಿದಷ್ಟು ಮದುವೆಗಳನ್ನು ಹಳಿಯಾಳ ಸೀಮೆಯ ಯಾವ ಅಯ್ಯನವರೂ ಮಾಡಿಸಿಲ್ಲ. ಸುಳ್ಳಲ್ಲ! ಹೆಣ್ಣು ನೋಡುವುದು, ಗಂಡು ಹುಡುಕುವುದು, ಮನೆತನ ವಿಚಾರಿಸುವುದು, ಆಮೇಲೆ ಬಸಿರು ಬಾಣಂತನ, ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದ. ವಧೂವರರು ಮಾತ್ರ ಸಿಗಡಿಗಳು.

ಇದು ಅರವತ್ತರ ದಶಕದ ಮಾತು. ಮಾಮಾ ಧಾರವಾಡದಲ್ಲಿ ಓದಿದ್ದು ಪ್ರಾಣಿಶಾಸ್ತ್ರ, ದಾಂಡೇಲಿಯಲ್ಲಿ ಸಿಕ್ಕ ನೌಕರಿ ಕಾಗದದ ತಿರುಳು ಪರೀಕ್ಷೆ ಮಾಡುವುದು. ಕಲಿತ ವಿದ್ಯೆ ಸುಮ್ಮನೆ ಬಿಟ್ಟೀತೇ? ಕಾಳಿ ನದಿಯ ದಂಡೆಯ ಹುಲ್ಲಿನಲ್ಲಿ ಬೆರಳಿನ ಉಗುರಿನಷ್ಟು ಉದ್ದದ, ಗಾಜಿನ ಹಾಗೆ ಆರಪಾರ ಕಾಣುವ ಸಿಗಡಿಗಳಿದ್ದವು. ಅವನ್ನು ಹಿಡಿದು ತಂದು, ತಾನೂ ಅಜ್ಜಿಯೂ ಇದ್ದ ದಾಂಡೇಲಿಯ ಮನೆಯ ಅಡುಗೆಮನೆಯಲ್ಲಿ, ಹಲಗೆಯ ಮೇಲೆ ಸಾಲಾಗಿ ಗಾಜಿನ ಬರಣಿಗಳಲ್ಲಿ ಸಾಕಿದ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಉಪ್ಪಿನಕಾಯಿ ಇರಬೇಕಾದ ಜಾಗದಲ್ಲಿ ಸಿಗಡಿ!

ಒಮ್ಮೆ ಭಿಕ್ಷೆಗೆ ಬಂದ ಅಯ್ಯನವರು ಬರಣಿಗಳನ್ನು ಕಂಡು ಹೌಹಾರಿದರು.

"ಏನ್ರಿ ಅಮ್ಮಾರ, ಈ ಮನ್ಯಾಗ ಇವೂ ಸುರು ಆದುವೇನು?"

"ಅಯ್ಯ ಶಿವನ! ತಿನ್ನಾಕಲ್ರಿ ಅಪ್ಪಾರ," ಎಂದಳು ಅಜ್ಜಿ, "ಇವುಕ್ಕ ನನ್ನ ಮಗ ಲಗ್ನಾ ಮಾಡ್ತಾನ್ರಿ."

ಅಯ್ಯನವರು ಜೋಳಿಗೆ ಹೆಗಲಿಗೇರಿಸಿ ಹಿಂದಿರುಗಿ ನೋಡದೆ ನಡೆದರು. ತಿನ್ನುತ್ತೇವೆ ಎಂದಿದ್ದರೇ ಅವರಿಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ.

ಪ್ರತಿ ಬರಣಿಗೂ ಒಂದು ಚೀಟಿ. ಒಂದರ ಮೇಲೆ 'ಹೊರಗಿನವರು', ಇನ್ನೊಂದರ ಮೇಲೆ 'ಅಣ್ಣ–ತಂಗಿ'. ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದ್ದರಿಂದ ಆ ಎರಡನೇ ಬರಣಿಯ ಪಾಪ ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ. ಆದರೆ ಮೂರನೆಯದರ ಮೇಲೆ ಏನಿದೆ ಎಂದು ಒಮ್ಮೆ ನನ್ನನ್ನೇ ಕೇಳಿದಳು. ನಾನು ಓದಿದೆ. 'ಸೋದರಮಾವ–ಸೊಸಿ'.

ಓದಿದವಳು ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದೆ. ಯಾಕೆಂದರೆ ನಾನು ತೊಟ್ಟಿಲಲ್ಲಿದ್ದಾಗಲೇ ನನ್ನನ್ನು ಮಾಮಾನಿಗೆ ಕೊಡುವುದೆಂದು ಮಾತಾಗಿತ್ತು! ನಮ್ಮಲ್ಲಿ ಅದೇ ಪದ್ಧತಿ. ನನ್ನ ಅಪ್ಪನೂ ಅವ್ವನಿಗೆ ಸೋದರಮಾವನೇ. ಅಜ್ಜಿ ತನ್ನ ತಮ್ಮನಿಗೆ ತನ್ನ ಮಗಳನ್ನು ಕೊಟ್ಟಿದ್ದಳು. ಈಗ ನನಗೆ ಹತ್ತೊಂಬತ್ತು ತುಂಬಿತ್ತು. ಅಪ್ಪ ಹಳಿಯಾಳದಿಂದ ಬಸ್ಸು ಹತ್ತಿ ಬಂದು ಕೇಳಿದಾಗಲೆಲ್ಲ ಮಾಮಾನದು ಒಂದೇ ಉತ್ತರ.

"ಇನ್ನೊಂದು ಪೀಳಿಗಿ ನೋಡಿ ಹೇಳ್ತೇನ್ರಿ."

"ಯಾರ ಪೀಳಿಗಿನೋ ಮಾರಾಯ? ನಂದೋ, ಸಿಗಡೀದೋ?"

ನಗಬೇಡಿ. ನನ್ನ ಪರಿಸ್ಥಿತಿ ನೀವೇ ಯೋಚಿಸಿ. ನನ್ನ ಹಣೆಬರಹ ಒಂದು ಸಿಗಡಿಯ ಹೊಟ್ಟೆಯ ಕೆಳಗೆ ತತ್ತಿಯಾಗಿ ಅಂಟಿಕೊಂಡು ಕೂತಿತ್ತು! ಮಾಮಾ ಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅವನು ಹೂಂ ಎಂದರೆ ಬರಣಿಗಳ ನಡುವೆ ಬಾಳುವೆ. ಊಹೂಂ ಎಂದರೆ 'ಸ್ವಂತ ಮಾಮಾನ ಬಿಟ್ಟಾನಂದ್ರ ಹುಡುಗ್ಯಾಗ ಏನೋ ಐಬು ಐತಿ' ಎಂದು ಊರು ಆಡಿಕೊಳ್ಳುತ್ತದೆ.

ಕೊನೆಗೆ ಅಪ್ಪ ಗಡುವು ಕೊಟ್ಟ. ಶ್ರಾವಣದೊಳಗೆ ಒಂದು ಮಾತು ಹೇಳದಿದ್ದರೆ ಬೇರೆ ಕಡೆ ನೋಡುವುದಾಗಿಯೂ ಮಾಮಾನ ಮನೆಯ ಮೆಟ್ಟಿಲು ಹತ್ತುವುದಿಲ್ಲವೆಂದೂ ಹೇಳಿದ. ಅವ್ವ ಅತ್ತಳು. ಅಜ್ಜಿಗೆ ಊಟ ಸೇರಲಿಲ್ಲ. ಮೂರನೇ ಬರಣಿಯ ಮೇಲೆ ನಮ್ಮ ಮದುವೆ ನಿಂತಿದೆ ಎಂದು ಅವಳಿಗೆ ಗೊತ್ತಾಗಿತ್ತು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಆ ಬರಣಿಗೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದಳು.

ಗಡುವಿನ ದಿನ ಅವ್ವನೂ ನಾನೂ ದಾಂಡೇಲಿಗೆ ಹೋದೆವು. ಮಾಮಾ ಮೂರನೇ ಬರಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಭೂತಗನ್ನಡಿ ಹಿಡಿದಿದ್ದ. ಮುಖ ಬಿಳಿಚಿತ್ತು.

"ತಾಯಿ ಹೊತ್ತಿದ್ದು ಇಪ್ಪತ್ತೆರಡು ತತ್ತಿ. ಮೊನ್ನೆ ಉಳದಿದ್ದು ಐದ ಮರಿ. ಇವತ್ತ ಮೂವತ್ತೊಂಬತ್ತು ಅದಾವು!"

"ಎಲ್ಲಾ ಶಿವನ ದಯಾ," ಎಂದಳು ಅಜ್ಜಿ, ತುಸು ಅವಸರದಿಂದಲೇ.

ಮಾಮಾ ಅವಳನ್ನೇ ನೋಡಿದ. ಅಜ್ಜಿ ಒಪ್ಪಿಕೊಂಡೇಬಿಟ್ಟಳು.

"ಏನಾತೀಗ? ಹೊರಗಿನವರ ಬರಣ್ಯಾಗ ಗಿಜಿ ಗಿಜಿ ಅನ್ನಾಕತ್ತಿದ್ದುವು. ಚಾ ಸೋಸೂದರಾಗ ಹಿಡದು ಒಂದಿಷ್ಟು ಈ ಕಡೆ ಹಾಕೀನಿ. ಮಕ್ಕಳಿಲ್ಲದವರಿಗೆ ದತ್ತಕ ಕೊಡೂದಿಲ್ಲೇನು?"

ಮೀನಿನ ವಾಸನೆಗೇ ಸ್ನಾನ ಮಾಡುತ್ತಿದ್ದ ಅಜ್ಜಿ, ಮೊಮ್ಮಗಳ ಮದುವೆಗಾಗಿ ಸಿಗಡಿ ಮುಟ್ಟಿದ್ದಳು! ಆಮೇಲೆ ಅದೇ ಜರಡಿಯಲ್ಲಿ ಚಹಾ ಸೋಸಿದಳೇ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಮಾಮಾ ಮತ್ತೆ ಮರಿ ಎಣಿಸಲು ಬಗ್ಗಿದ. ಅವ್ವನಿಗೇ ತಡೆಯಲಾಗಲಿಲ್ಲ.

"ತಮ್ಮಾ, ಸಾಕಿನ್ನ. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ನನ್ನ ಮಗಳನ್ನ ಎಷ್ಟಂತ ಕಾಯಸ್ತಿ?"

ಮಾಮಾ ಎದ್ದು ನಿಂತ. ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದ.

"ಅಕ್ಕಾ, ಈಕಿ ಬೆನ್ನಿಗೆ ಹುಟ್ಟಿದ ಎರಡೂ ಕೂಸು ಮಣ್ಣಿಗಿಡಾಕ ಎತ್ಕೊಂಡು ಹೋದಾವ ನಾನ. ಹದಿನಾಕು ವರ್ಷದಾವ ಇದ್ದೆ. ಯಾಕ ಹೋದುವು ಅಂತ ಯಾರೂ ಹೇಳಲಿಲ್ಲ. ಈಕಿ ಮಡಿಲಾಗಿಂದ ಮತ್ತ ಹಂಗ ಎತ್ಕೊಂಡು ಹೋಗಾಕ ನನ್ನ ಕೈಲೆ ಆಗೂದಿಲ್ಲ."

ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಹೆಸರಿಡುವ ಮೊದಲೇ ಹೋದ ಆ ಇಬ್ಬರು ತಮ್ಮಂದಿರ ಸುದ್ದಿ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನನಗೆ ಅಳು ಬಂತು. ಮೂರು ವರ್ಷ ಇವನ ಬಗ್ಗೆ ಆಡಿದ ತಮಾಷೆಯ ಮಾತೆಲ್ಲ ಒಮ್ಮೆಲೇ ನೆನಪಾಗಿ ನಾಚಿಕೆಯಾಯಿತು.

ಅಜ್ಜಿ ಗೋಡೆ ಹಿಡಿದು ಕುಸಿದಳು.

"ಹಂಗಾದ್ರ ನನ್ನ ತಮ್ಮಗ ನನ್ನ ಮಗಳನ್ನ ಕೊಟ್ಟಾಕಿ ನಾನ ಅಲ್ಲೇನೋ? ಆ ಕೂಸುಗಳ್ನ ನಾನ ತಿಂದ್ನೇನೋ?"

ಮಾಮಾ ಮರಿಗಳನ್ನು ಎಣಿಸಿ ಬರೆದಿಡುತ್ತಿದ್ದ ಪುಸ್ತಕ ಹಲಗೆಯ ಮೇಲೆ ತೆರೆದೇ ಇತ್ತು. ಹಿಂದಿನ ಪೀಳಿಗೆಗಳ ಲೆಕ್ಕ ಅದರಲ್ಲಿ ಅವನ ಗುಂಡು ಅಕ್ಷರಗಳಲ್ಲಿ ಹಾಗೇ ಇತ್ತು: ಹೊರಗಿನವರ ಮರಿಗಳು ಪುಟದ ತುಂಬ, ಹತ್ತಿರದವರ ಮರಿಗಳು ಸಾಲಿನಿಂದ ಸಾಲಿಗೆ ಕಡಿಮೆ. ನಾನು ಕಣ್ಣಾರೆ ಕಂಡೆ. ಮಾಮಾ ಪುಸ್ತಕ ಮುಚ್ಚಿ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತ.

"ಇಲ್ಲ ಯವ್ವಾ. ನೀ ಮರಿ ಕಲಸಿ ಬಿಟ್ಟಿ ನೋಡು, ಎಲ್ಲಾ ಲೆಕ್ಕಾ ಕೆಟ್ಟು ಹೋತು. ಏನೂ ಗೊತ್ತಾಗಲಿಲ್ಲ. ನಿನ್ನ ತಪ್ಪು ಏನೂ ಇಲ್ಲ."

"ಖರೇನ?"

"ಖರೇನ."

ಅಜ್ಜಿ ಕಣ್ಣೊರೆಸಿಕೊಂಡಳು. ಮರುಗಳಿಗೆಯೇ ಸಿಟ್ಟು ಏರಿತು.

"ಗೊತ್ತ ಆಗಿಲ್ಲಂದ್ರ ಲಗ್ನಾ ಯಾಕ ಬ್ಯಾಡಂತಿ?"

"ನನಗ ಸಂಸಾರ ಒಗ್ಗೂದಿಲ್ಲ ಯವ್ವಾ. ನಾ ಹುಚ್ಚ ಅದೇನಿ. ಹಂಗಂತ ಎಲ್ಲಾರಿಗೂ ಹೇಳು. ಹುಡುಗ್ಯಾಗ ಏನೂ ಐಬಿಲ್ಲಂತನೂ ಹೇಳು."

ಅಜ್ಜಿ ಹೇಳಿದಳು. ದಾಂಡೇಲಿ, ಹಳಿಯಾಳ, ಮುಂಡಗೋಡ ಎನ್ನದೆ ಕಂಡಕಂಡವರಿಗೆಲ್ಲ ಹೇಳಿದಳು. ಮುಂದಿನ ವರ್ಷ ಮಳಗಿಯ ಕಡೆಯ, ರಕ್ತಸಂಬಂಧವಿಲ್ಲದ ಮನೆಯೊಂದಕ್ಕೆ ನನ್ನನ್ನು ಕೊಟ್ಟರು. ಗಂಡನ್ನು ಹುಡುಕಿ ತಂದವನು ಮಾಮಾನೇ. ಅಕ್ಕಿಕಾಳು ಬಿದ್ದ ಮೇಲೂ ಅಜ್ಜಿ ಚಪ್ಪರದಲ್ಲಿ ನಿಂತು, "ಈ ಹುಚ್ಚ ಹೂಂ ಅಂದಿದ್ರ ಮನಿ ಹುಡುಗಿ ಮನ್ಯಾಗ ಉಳೀತಿದ್ಲು" ಎಂದು ಬೀಗರ ಮುಂದೆಯೇ ಬೈಯುತ್ತಿದ್ದಳು. ಮಾಮಾ ತಲೆ ತಗ್ಗಿಸಿ ಪಂಕ್ತಿಗೆ ಎಲೆ ಹಾಕುತ್ತಿದ್ದ. ಹಿರಿಯರಿಗೆ ನಮಸ್ಕಾರ ಮಾಡು ಎಂದು ಅವ್ವ ನನ್ನನ್ನು ಅಜ್ಜಿಯ ಕಡೆ ತಿರುಗಿಸಿದಳು. ನಾನು ಅತ್ತ ಹೋಗದೆ, ಎಲೆ ಹಿಡಿದು ಬಗ್ಗಿದ್ದ ಮಾಮಾನ ಕಾಲು ಮುಟ್ಟಿದೆ.